ಆರನೇ ಕ್ಲಾಸು ತೆರೆಯೋದು ಶಾಲೆಯೊಂದರ ಕೈಲಿಲ್ಲ

"ನಮ್ಮ ಮಗಳ ಸ್ಕೂಲಲ್ಲಿ ಮುಂದಿನ ವರ್ಷದಿಂದ ಆರನೇ ಕ್ಲಾಸೂ ಶುರುವಾಗುತ್ತಂತೆ, ಖಾತ್ರಿನಾ?" ಬೇ ಏರಿಯಾದ ಕನ್ನಡದ ಮನೆಗಳಲ್ಲಿ ಊಟಕ್ಕೆ ಕೂತಾಗ ಈ ಥರದ ಪ್ರಶ್ನೆ ನನಗೆ ಆಗಾಗ ಬರುತ್ತದೆ. ಕ್ಯಾಲಿಫೋರ್ನಿಯಾದ ಚಾರ್ಟರ್ ಶಾಲೆಗಳ ಕಡತ ನೋಡುವುದೇ ನನ್ನ ಕೆಲಸ. ಶಾಲೆಗಳ ಪರವಾಗಿ ಅಲ್ಲ, ಅವಕ್ಕೆ ಅನುಮತಿ ಕೊಡುವವರ ಪರವಾಗಿ. ಹಾಗಾಗಿ ನಾನು ಹೇಳುವುದು ಯಾವಾಗಲೂ ಒಂದೇ ಮಾತು. ಪ್ರಿನ್ಸಿಪಾಲರು ಹೇಳಿದ ಮಾತ್ರಕ್ಕೆ ಖಾತ್ರಿಯಲ್ಲ. ಸ್ಕೂಲ್ ಡಿಸ್ಟ್ರಿಕ್ಟಿನ, ಅಂದರೆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆಯ, ಬೋರ್ಡಿನಲ್ಲಿ ವೋಟಾಗಿದೆಯಾ ಕೇಳಿ.

ಚಾರ್ಟರ್ ಶಾಲೆ ಅಂದರೆ ದುಡ್ಡು ಸರ್ಕಾರದ್ದು, ಆಡಳಿತ ಸಾಮಾನ್ಯವಾಗಿ ಒಂದು ಲಾಭರಹಿತ ಸಂಸ್ಥೆಯದ್ದು, ಮಕ್ಕಳಿಗೆ ಫೀಸಿಲ್ಲ. ಊರಿಂದ ಬಂದ ಅಪ್ಪ ಅಮ್ಮಂದಿರು "ಓ, ನಮ್ಮ ಅನುದಾನಿತ ಶಾಲೆ ಥರ" ಅನ್ನುತ್ತಾರೆ. ಅರ್ಧ ಸರಿ. ಅಲ್ಲೂ ಹೊಸ ತರಗತಿ ತೆಗೆಯಬೇಕಾದರೆ ಇಲಾಖೆಯ ಅನುಮತಿ ಬೇಕು. ಆದರೆ ಅಲ್ಲಿ ಎಲ್ಲ ಶಾಲೆಗೂ ಹೆಚ್ಚುಕಮ್ಮಿ ಒಂದೇ ನಿಯಮ. ಇಲ್ಲಿ ಒಂದೊಂದು ಶಾಲೆಗೂ ಅದರದೇ ಚಾರ್ಟರ್, ಅಂದರೆ ಶಾಲೆ ಹೇಗೆ ನಡೆಯುತ್ತದೆ ಅಂತ ಬರೆದುಕೊಟ್ಟ ಕಾಗದ. ಡಿಸ್ಟ್ರಿಕ್ಟ್ ಶಾಲೆಗಳನ್ನು ಕಟ್ಟಿಹಾಕುವ ಬಹಳಷ್ಟು ಕಾನೂನಿನಿಂದ ಬಿಡುಗಡೆ ಕೊಟ್ಟು, ಅದಕ್ಕೆ ಬದಲಾಗಿ "ನೀವೇ ಬರೆದುಕೊಟ್ಟ ಹಾಗೆ ನಡೆಯಿರಿ" ಅನ್ನುವ ಏರ್ಪಾಡು ಇದು. ಮೊದಲು ಈ ಕಾನೂನು ಮಾಡಿದ್ದು ಮಿನ್ನೆಸೋಟ, 1991ರಲ್ಲಿ. ಮರುವರ್ಷ ಕ್ಯಾಲಿಫೋರ್ನಿಯಾ. ಶಾಲೆಯ ಕಟ್ಟುಪಾಡೆಲ್ಲ ಆ ಒಂದು ಕಾಗದದಲ್ಲಿ ಇರುವಾಗ, ಕಾಗದ ತಿದ್ದುವುದು ಸಣ್ಣ ವಿಷಯವಲ್ಲ, ಅಲ್ವಾ?

ಒಂದು ಕಾಗದ ಅಂದೆ. ನಿಜಕ್ಕೂ ಎರಡು ಇರುತ್ತವೆ. ಗೊಂದಲ ಶುರುವಾಗುವುದೇ ಇಲ್ಲಿಂದ.

ಮೊದಲನೆಯದು ಚಾರ್ಟರ್. ಅದರಲ್ಲಿ 15 ವಿಷಯ ಇರಲೇಬೇಕು ಅಂತ ರಾಜ್ಯದ ಶಿಕ್ಷಣ ಸಂಹಿತೆ ಹೇಳುತ್ತದೆ. ಏನು ಕಲಿಸುತ್ತೀರಿ, ಕಲಿತದ್ದನ್ನು ಹೇಗೆ ಅಳೆಯುತ್ತೀರಿ, ಆಡಳಿತ ಮಂಡಳಿ ಹೇಗಿರುತ್ತದೆ, ಅಡ್ಮಿಷನ್ ಹೇಗೆ, ಆಡಿಟ್ ಹೇಗೆ, ಮಗುವನ್ನು ಸಸ್ಪೆಂಡ್ ಮಾಡುವ ಕ್ರಮ ಏನು, ಶಾಲೆ ಮುಚ್ಚಿದರೆ ಏನು ಮಾಡುತ್ತೀರಿ, ಹೀಗೆ. ಎರಡನೆಯದು ಎಂಒಯು. ಶಾಲೆ ಮತ್ತು ಡಿಸ್ಟ್ರಿಕ್ಟ್ ನಡುವಿನ ದಿನನಿತ್ಯದ ಒಪ್ಪಂದ ಅದು. ವಿಶೇಷ ಶಿಕ್ಷಣದ ಖರ್ಚು ಯಾರದ್ದು, ವಿಮೆ ಎಷ್ಟು, ಯಾವ ವರದಿ ಯಾವಾಗ, ಕಟ್ಟಡದ ರಿಪೇರಿ ಯಾರ ತಲೆಗೆ, ಎಲ್ಲ ಅದರಲ್ಲಿ.

ಚಾರ್ಟರಿನಲ್ಲಿ ಮುಖ್ಯವಾದ ಬದಲಾವಣೆ ಆಗಬೇಕಾದರೆ ಅದನ್ನು ಮೆಟೀರಿಯಲ್ ರಿವಿಷನ್ ಅನ್ನುತ್ತಾರೆ. ಅನುಮತಿ ಕೊಟ್ಟ ಸಂಸ್ಥೆ ಒಪ್ಪದೆ ಅದು ಆಗುವ ಹಾಗೇ ಇಲ್ಲ. ಆ ಸಂಸ್ಥೆ ಸಾಮಾನ್ಯವಾಗಿ ಸ್ಥಳೀಯ ಸ್ಕೂಲ್ ಡಿಸ್ಟ್ರಿಕ್ಟ್, ಕೆಲವೊಮ್ಮೆ ಕೌಂಟಿ ಶಿಕ್ಷಣ ಮಂಡಳಿ. ಹೊಸ ಜಾಗದಲ್ಲಿ ಇನ್ನೊಂದು ಕ್ಯಾಂಪಸ್, ಹೊಸ ತರಗತಿಗಳು, ಇವೆರಡನ್ನು ಕಾನೂನೇ ಹೆಸರಿಸಿ ಹೇಳಿದೆ: ರಿವಿಷನ್ ಕೇಳಲೇಬೇಕು, ಸಾರ್ವಜನಿಕ ಸಭೆಯಲ್ಲೇ ತೀರ್ಮಾನ ಆಗಬೇಕು. ಉಳಿದ ಬದಲಾವಣೆಗಳಲ್ಲಿ ಯಾವುದು ಮುಖ್ಯ, ಯಾವುದು ಅಲ್ಲ? ಅದಕ್ಕೆ ಕಾನೂನಿನಲ್ಲಿ ಪೂರ್ತಿ ಪಟ್ಟಿ ಇಲ್ಲ. ಒಳ್ಳೆ ಎಂಒಯುಗಳಲ್ಲಿ ಇರುತ್ತದೆ. ಇಲ್ಲದ ಕಡೆ ಪ್ರತಿ ಸಲ ವಕೀಲರ ಪತ್ರ ವ್ಯವಹಾರ.

ಆರನೇ ಕ್ಲಾಸಿನ ವಿಷಯವನ್ನೇ ತೆಗೆದುಕೊಳ್ಳಿ. ಶಾಲೆ ಮೊದಲು ಕಳಿಸುವುದು ಒಂದು ಪುಟದ ಪತ್ರ: "ಐದರ ಬದಲು ಆರನೇ ತರಗತಿವರೆಗೆ." ಒಂದಂಕಿ ಬದಲಾಗಿದೆ ಅಷ್ಟೇ. ನಾನು ಕೇಳುವುದು ಹಳೆಯ ಚಾರ್ಟರಿನ ಮೇಲೇ ಅಳಿಸಿದ್ದು, ಸೇರಿಸಿದ್ದು ಎಲ್ಲ ಬಣ್ಣದಲ್ಲಿ ಕಾಣುವ ರೆಡ್‌ಲೈನ್ ಪ್ರತಿ. ಅದು ಬಂದಾಗ ನಿಜವಾದ ಗಾತ್ರ ಗೊತ್ತಾಗುತ್ತದೆ. ಪಠ್ಯಕ್ರಮದ ಭಾಗ ಬದಲಾಗಬೇಕು. ದಾಖಲಾತಿ ಕೋಷ್ಟಕ ಬದಲಾಗಬೇಕು. ವಿಜ್ಞಾನಕ್ಕೆ ಬೇರೆ ಟೀಚರ್ ಇಡುವುದಾದರೆ ಅವರಿಗೆ ಯಾವ ಕ್ರೆಡೆನ್ಷಿಯಲ್ (ಕಲಿಸುವ ಪರವಾನಗಿ) ಬೇಕು ಅಂತ ಬರೆಯಬೇಕು. ಸೀಟಿಗಿಂತ ಅರ್ಜಿ ಜಾಸ್ತಿ ಬಂದಾಗ ಚೀಟಿ ಎತ್ತಿ ಮಕ್ಕಳನ್ನು ಆರಿಸುವ ಲಾಟರಿಯಲ್ಲಿ ಆರನೇ ಕ್ಲಾಸಿಗೆ ಹೊರಗಿನ ಮಕ್ಕಳಿಗೆ ಸೀಟು ಇದೆಯಾ, ಇಲ್ಲಾ ಎಲ್ಲ ಒಳಗಿನ ಐದನೇ ಕ್ಲಾಸಿನವರಿಗೇನಾ? ಕಟ್ಟಡದಲ್ಲಿ ಕೋಣೆ ಎಲ್ಲಿದೆ? ಮುಂದಿನ ವರ್ಷಗಳ ಬಜೆಟ್ ಎಲ್ಲಿ? ಆ ಕೋಷ್ಟಕದಲ್ಲಿ ಮೊದಲ ವರ್ಷವೇ ಎಲ್ಲ ಸೀಟೂ ತುಂಬುತ್ತವೆ ಅಂತ ಬರೆದಿದ್ದರೆ ನಾನು ಪೆನ್ಸಿಲ್ ಕೈಗೆ ತೆಗೆದುಕೊಳ್ಳುತ್ತೇನೆ. ಈ ಶಾಲೆಗಳಿಗೆ ದುಡ್ಡು ಬರುವುದು ಹಾಜರಾತಿ ಮೇಲೆ. ಮಕ್ಕಳು ಬರದಿದ್ದರೆ ಟೀಚರ್ ಸಂಬಳ ಎಲ್ಲಿಂದ?

ಹೊಸ ಶಾಲೆಯ ಅರ್ಜಿಗೆ ಇರುವ ಅಳತೆಗೋಲೇ ರಿವಿಷನ್‌ಗೂ. ಹೊಸ ಅರ್ಜಿ ಬಂದ 60 ದಿನದೊಳಗೆ ಸಾರ್ವಜನಿಕ ವಿಚಾರಣೆ, 90 ದಿನದೊಳಗೆ ತೀರ್ಮಾನ, ಇಬ್ಬರೂ ಒಪ್ಪಿದರೆ ಇನ್ನೂ 30 ದಿನ. ಡಿಸ್ಟ್ರಿಕ್ಟ್ ಸಿಬ್ಬಂದಿಯ ಶಿಫಾರಸನ್ನು ತೀರ್ಮಾನದ ಸಭೆಗೆ 15 ದಿನ ಮೊದಲೇ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ದೊಡ್ಡ ತಿದ್ದುಪಡಿಗಳಿಗೂ ಇದೇ ಲೆಕ್ಕ ಹಿಡಿಯುವುದು ವಾಸಿ. ಅಂದರೆ ಆಗಸ್ಟಿಗೆ ಕ್ಲಾಸು ಶುರು ಮಾಡಬೇಕು ಅಂತ ಏಪ್ರಿಲ್‌ನಲ್ಲಿ ಪತ್ರ ಬರೆದರೆ ಕಷ್ಟ. ಅಷ್ಟರೊಳಗೆ ಶಾಲೆ ಲಾಟರಿ ಮುಗಿಸಿ, ಪೋಷಕರಿಗೆ ಇಮೇಲ್ ಕಳಿಸಿ, ಆಮೇಲೆ ಬೋರ್ಡಿನ ಮುಂದೆ "ಮಕ್ಕಳು ಆಗಲೇ ಸೇರಿಬಿಟ್ಟಿದ್ದಾರೆ" ಅಂತ ನಿಂತರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಆ ಮಕ್ಕಳನ್ನು ಮುಂದೆ ನಿಲ್ಲಿಸಿ ವೋಟು ಕೇಳಿದ ಹಾಗೆ ಅದು.

2019ರಲ್ಲಿ ಬಂದ ಎಬಿ 1505 ಕಾನೂನು ಇನ್ನೊಂದು ಅಂಶ ಸೇರಿಸಿತು. ಈಗಿರುವ ಶಾಲೆಯ ಚಾರ್ಟರ್ ನವೀಕರಿಸುವಾಗ "ನಿಮ್ಮಿಂದ ಡಿಸ್ಟ್ರಿಕ್ಟಿನ ಹಣಕಾಸಿಗೆ ಪೆಟ್ಟು" ಅನ್ನುವ ಕಾರಣ ಕೊಟ್ಟು ತಿರಸ್ಕರಿಸುವ ಹಾಗಿಲ್ಲ. ಆದರೆ ವಿಸ್ತರಣೆ ಕೇಳಿದಾಗ ಆ ಕಾರಣ ಬಳಸಬಹುದು. ಇಡೀ ಸಮುದಾಯಕ್ಕೆ ಇದರಿಂದ ಒಳಿತಾ ಅನ್ನುವುದನ್ನೂ ನೋಡಬಹುದು. ಆಗಲೂ ಆ ತಿದ್ದುಪಡಿಯಿಂದ ಆಗುವ ಪರಿಣಾಮವನ್ನು ಮಾತ್ರ ತೂಗಬೇಕು, ಇಡೀ ಶಾಲೆಯನ್ನಲ್ಲ. ಹೊಸ ಕ್ಲಾಸು ಕೇಳಿಕೊಂಡು ಬಂದವರ ಹತ್ತಿರ ಸಂಬಂಧವೇ ಇಲ್ಲದ ಹತ್ತು ಷರತ್ತು ಬರೆಸಿಕೊಳ್ಳುವ ಡಿಸ್ಟ್ರಿಕ್ಟುಗಳೂ ಇವೆ. ಅದನ್ನು ಮೇಲ್ವಿಚಾರಣೆ ಅನ್ನಲು ನನಗೆ ಮನಸ್ಸಿಲ್ಲ.

ಹೊಸ ಕ್ಲಾಸಿನಂಥ ಬದಲಾವಣೆ ದೊಡ್ಡದು, ಎಲ್ಲರ ಕಣ್ಣಿಗೂ ಬೀಳುತ್ತದೆ. ಅದರ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ನಿದ್ದೆ ಕೆಡಿಸುವುದು ಶಾಲೆಯವರೇ ಬದಲಾವಣೆ ಅಂತ ಲೆಕ್ಕಕ್ಕಿಡದೆ ಮಾಡಿದ ಬದಲಾವಣೆಗಳು.

ಉದಾಹರಣೆಗೆ ಆಡಳಿತ ಮಂಡಳಿಯ ಬೈಲಾ. ಆ ಶಾಲೆಯನ್ನು ಫೀಸು ಪಡೆದು ನಡೆಸಿಕೊಡಲು ಹೊರಗಿನ ಒಂದು ನಿರ್ವಹಣಾ ಸಂಸ್ಥೆ ಇತ್ತು. ಕಡತದಲ್ಲಿ ಹೊಸದಾಗಿ ಸೇರಿದ್ದ ಒಂದೇ ಸಾಲು ಹೀಗಿತ್ತು: ಮಂಡಳಿಯ ಬಹುಪಾಲು ಸದಸ್ಯರನ್ನು ಇನ್ನು ಮುಂದೆ ನಿರ್ವಹಣಾ ಸಂಸ್ಥೆಯೇ ನೇಮಿಸುತ್ತದೆ. ಚಾರ್ಟರಿನಲ್ಲಿ ಮಾತ್ರ ಮಂಡಳಿ ಸ್ವತಂತ್ರ, ಪೋಷಕರಿಗೂ ಅದರಲ್ಲಿ ಜಾಗ ಉಂಟು ಅಂತ ಬರೆದಿತ್ತು. ಬೈಲಾ ನಮ್ಮ ಒಳಗಿನ ದಾಖಲೆ, ನಿಮಗೇಕೆ ತೋರಿಸಬೇಕು ಅನ್ನುವುದು ಶಾಲೆಯ ವಾದ. ಆದರೆ ಆ ನಿರ್ವಹಣಾ ಸಂಸ್ಥೆಗೆ ಪ್ರತಿ ವರ್ಷ ಫೀಸು ಕೊಡುವುದು ಯಾರು? ಇದೇ ಮಂಡಳಿ. ಫೀಸು ತೆಗೆದುಕೊಳ್ಳುವವರೇ ಫೀಸು ಮಂಜೂರು ಮಾಡುವವರನ್ನು ಆರಿಸಿದರೆ ಆರನೇ ಕ್ಲಾಸಿಗಿಂತ ಎಷ್ಟೋ ದೊಡ್ಡ ಬದಲಾವಣೆ ಅದು. ಒಂದೇ ಸಾಲು, ಅಷ್ಟೇ.

ಇನ್ನೊಂದು ಬಾಡಿಗೆ ಕರಾರು. ವಿಳಾಸ ಅದೇ, ಕಟ್ಟಡ ಅದೇ, ಮಾಲೀಕರು ಮಾತ್ರ ಬೇರೆ. ಹೊಸ ಮಾಲೀಕ ಕಂಪನಿಯ ಹಿಂದೆ ಯಾರಿದ್ದಾರೆ ಅಂತ ನೋಡಿದರೆ ಕೆಲವೊಮ್ಮೆ ಶಾಲೆಯ ಪದಾಧಿಕಾರಿಗಳ ಹತ್ತಿರದವರೇ ಸಿಗುತ್ತಾರೆ. 2019ರ ಎಸ್‌ಬಿ 126 ಕಾನೂನು ಚಾರ್ಟರ್ ಶಾಲೆಗಳಿಗೂ ಸರ್ಕಾರಿ ಸಂಹಿತೆಯ 1090ನೇ ಕಲಂ ಅನ್ವಯಿಸುತ್ತದೆ ಅಂತ ಸ್ಪಷ್ಟ ಮಾಡಿತು. ತನಗೆ ಹಣದ ಲಾಭ ಇರುವ ಕರಾರನ್ನು ಅಧಿಕಾರದಲ್ಲಿ ಇರುವವರು ತಾವೇ ಮಾಡಿಕೊಳ್ಳುವ ಹಾಗಿಲ್ಲ ಅನ್ನುವ ಕಲಂ ಅದು. ಬಹಿರಂಗ ಸಭೆಯ ಬ್ರೌನ್ ಕಾಯ್ದೆ, ಸಾರ್ವಜನಿಕ ದಾಖಲೆಗಳ ಕಾಯ್ದೆ ಎರಡೂ ಅದರ ಜೊತೆಗೇ ಬಂದವು. ಲಾಭಕ್ಕೆ ನಡೆಯುವ ಕಂಪನಿಗಳು ಚಾರ್ಟರ್ ಶಾಲೆ ನಡೆಸುವುದನ್ನು ಅದಕ್ಕೂ ಮೊದಲೇ, 2018ರ ಎಬಿ 406, ನಿಲ್ಲಿಸಿತ್ತು.

ಆದ್ದರಿಂದ ನಾನು ಪುಟ ಎಣಿಸುವುದಿಲ್ಲ. ಈ ಬದಲಾವಣೆಯಿಂದ ಮಗುವಿಗೆ, ಪೋಷಕರಿಗೆ, ತೆರಿಗೆ ಕಟ್ಟುವವರಿಗೆ ಕೊಟ್ಟ ಮಾತಿನಲ್ಲಿ ಏನಾದರೂ ಕಮ್ಮಿಯಾಯಿತಾ, ಇಷ್ಟೇ ನೋಡುತ್ತೇನೆ. ಆಗಿದ್ದರೆ ಅದು ಯಾವ ಫೈಲಿನಲ್ಲೇ ಇರಲಿ, ಬೋರ್ಡಿನ ಮುಂದೆ ಬರಬೇಕು. ಪ್ರಿನ್ಸಿಪಾಲರ ಪದನಾಮ ಬದಲಾದರೆ, ಫೋನ್ ನಂಬರ್ ಬದಲಾದರೆ ಒಂದು ಇಮೇಲ್ ಸಾಕು.

ಪೋಷಕರಿಗೆ ನೇರವಾಗಿ ತಟ್ಟುವ ಇನ್ನೊಂದು ವಿಷಯ ಲಾಟರಿಯ ಆದ್ಯತೆ. ಅಣ್ಣನೋ ಅಕ್ಕನೋ ಅಲ್ಲೇ ಓದುತ್ತಿದ್ದರೆ ತಮ್ಮನಿಗೆ ಮೊದಲ ಸಾಲು, ಸಿಬ್ಬಂದಿಯ ಮಕ್ಕಳಿಗೆ ಎರಡನೇ ಸಾಲು, ಹೀಗೆ ಶಾಲೆಗಳು ಕ್ರಮ ಹಾಕಿಕೊಂಡಿರುತ್ತವೆ. ಇಂಥ ಪ್ರತಿಯೊಂದು ಆದ್ಯತೆಗೂ ಸಾರ್ವಜನಿಕ ವಿಚಾರಣೆಯಲ್ಲಿ ಒಪ್ಪಿಗೆ ಸಿಗಬೇಕು ಅಂತ ಕಾನೂನಿದೆ. ಆಫೀಸಿನಲ್ಲಿ ಕೂತವರು ಜನವರಿಯಲ್ಲಿ ಫಾರ್ಮ್ ತಿದ್ದಿ "ಈ ವರ್ಷದಿಂದ ಸಂಸ್ಥಾಪಕರ ಸ್ನೇಹಿತರಿಗೂ ಆದ್ಯತೆ" ಅಂದರೆ ನಡೆಯುವುದಿಲ್ಲ. ವೇಟ್‌ಲಿಸ್ಟಿನಲ್ಲಿ ನಿಮ್ಮ ಮಗುವಿನ ನಂಬರ್ ಏಕಾಏಕಿ ಕೆಳಗಿಳಿದರೆ ಕೇಳುವ ಹಕ್ಕು ನಿಮಗಿದೆ.

ಎಂಒಯು ತಿದ್ದುವುದಕ್ಕೆ ಇಷ್ಟು ಸದ್ದಿರುವುದಿಲ್ಲ. ಎರಡೂ ಕಡೆಯವರು ಮಾತಾಡಿ ಸಹಿ ಹಾಕಿದರೆ ಮುಗಿಯಿತು. ಎಷ್ಟೋ ಡಿಸ್ಟ್ರಿಕ್ಟುಗಳಲ್ಲಿ ಅದು ಕನ್ಸೆಂಟ್ ಅಜೆಂಡಾದಲ್ಲಿ ಹೋಗುತ್ತದೆ. ಅಂದರೆ ಪೆನ್ಸಿಲ್ ಖರೀದಿ, ಬಸ್ ರಿಪೇರಿ ಬಿಲ್ಲಿನ ಜೊತೆ ಚರ್ಚೆ ಇಲ್ಲದೆ ಒಂದೇ ವೋಟಿಗೆ ಪಾಸು. ಇದು ನನಗೆ ಸರಿ ಕಾಣುವುದಿಲ್ಲ. ವಿಶೇಷ ಶಿಕ್ಷಣ ಬೇಕಿರುವ ಮಗುವಿಗೆ ಸೇವೆ ಯಾರು ಕೊಡುತ್ತಾರೆ ಅನ್ನುವುದು ಎಂಒಯುನಲ್ಲಿ ಇರುವ ಸಂಗತಿ. ಅಲ್ಲಿ ಒಂದು ಪ್ಯಾರಾ ಆಚೀಚೆ ಆದರೆ ಸ್ಪೀಚ್ ಥೆರಪಿ ತಿಂಗಳುಗಟ್ಟಲೆ ನಿಲ್ಲಬಹುದು. ಹಣಕ್ಕೆ, ವಿಶೇಷ ಶಿಕ್ಷಣಕ್ಕೆ ಸಂಬಂಧಪಟ್ಟ ಎಂಒಯು ತಿದ್ದುಪಡಿಯನ್ನು ಬೇರೆ ವಿಷಯವಾಗಿಯೇ ಅಜೆಂಡಾದಲ್ಲಿ ಇಡಬೇಕು ಅಂತ ನಾನು ಹೋದ ಕಡೆಯೆಲ್ಲ ಹೇಳುತ್ತೇನೆ. ಕೆಲವರು ಕೇಳುತ್ತಾರೆ.

ಸರಿ, ಇದನ್ನೆಲ್ಲ ಕಾಯುವವರು ಹೇಗಿದ್ದಾರೆ? ಅನುಮತಿ ಕೊಟ್ಟ ಸಂಸ್ಥೆ ವರ್ಷಕ್ಕೆ ಒಂದು ಸಲವಾದರೂ ಶಾಲೆಗೆ ಭೇಟಿ ಕೊಡಬೇಕು, ಸಂಪರ್ಕಕ್ಕೆ ಒಬ್ಬರನ್ನು ನೇಮಿಸಬೇಕು, ಹಣದ ಸ್ಥಿತಿ ಗಮನಿಸಬೇಕು. ಶಾಲೆ ಜುಲೈ 1ಕ್ಕೆ ಬಜೆಟ್, ಡಿಸೆಂಬರ್ 15ಕ್ಕೆ ಮತ್ತು ಮಾರ್ಚ್ 15ಕ್ಕೆ ಮಧ್ಯಂತರ ಲೆಕ್ಕ, ಸೆಪ್ಟೆಂಬರ್ 15ಕ್ಕೆ ವರ್ಷದ ಲೆಕ್ಕ ಕೊಡಬೇಕು. ಈ ಕೆಲಸಕ್ಕೆ ಶಾಲೆಯ ಆದಾಯದ 1%ವರೆಗೆ, ಕಟ್ಟಡವನ್ನು ಬಾಡಿಗೆ ಇಲ್ಲದೆ ಕೊಟ್ಟಿದ್ದರೆ 3%ವರೆಗೆ ಡಿಸ್ಟ್ರಿಕ್ಟ್ ಶುಲ್ಕ ಪಡೆಯಬಹುದು. ನೋಡಲು ಸಣ್ಣ ಅಂಕಿ. ಆದರೆ ಪುಟ್ಟ ಹಳ್ಳಿಗಾಡಿನ ಡಿಸ್ಟ್ರಿಕ್ಟೊಂದು ಸಾವಿರಾರು ಮಕ್ಕಳಿರುವ ಆನ್‌ಲೈನ್ ಚಾರ್ಟರ್ ಶಾಲೆಗಳಿಗೆ ಅನುಮತಿ ಕೊಟ್ಟರೆ? ತನ್ನ ಸ್ವಂತ ಮಕ್ಕಳಿಗಿಂತ ಚಾರ್ಟರ್ ಮಕ್ಕಳೇ ಹಲವು ಪಟ್ಟು ಜಾಸ್ತಿ. ಆ ಶುಲ್ಕವೇ ಡಿಸ್ಟ್ರಿಕ್ಟಿನ ಜೀವಾಳ. ಆಗ ಶಾಲೆಯ ತಿದ್ದುಪಡಿಗೆ ಬೇಡ ಅನ್ನುವ ಧೈರ್ಯ ಯಾರಿಗಿದೆ?

2019ರ ಮೇ ತಿಂಗಳಲ್ಲಿ ಸ್ಯಾನ್ ಡಿಯೇಗೋ ಕೌಂಟಿಯಲ್ಲಿ ಬಯಲಾದ, ಎ3 ಅನ್ನುವ ಚಾರ್ಟರ್ ಶಾಲೆಗಳ ಜಾಲದ ಪ್ರಕರಣದಲ್ಲಿ ಈ ದೋಷ ಎದ್ದು ಕಂಡಿತು. 19 ಆನ್‌ಲೈನ್ ಚಾರ್ಟರ್ ಶಾಲೆಗಳು, 11 ಆರೋಪಿಗಳು. ಬೇಸಿಗೆಯ ಕ್ರೀಡಾ ತಂಡಗಳಿಂದ ಮಕ್ಕಳ ಹೆಸರು ಪಡೆದು ಶಾಲೆಗೆ ಸೇರಿಸಿಕೊಂಡು ಹಾಜರಾತಿ ಹಣ ಎತ್ತಿದ್ದರು. ತಮ್ಮ ಮಗು ಯಾವುದೋ ಶಾಲೆಯ ವಿದ್ಯಾರ್ಥಿ ಅಂತ ಎಷ್ಟೋ ಪೋಷಕರಿಗೆ ಗೊತ್ತೇ ಇರಲಿಲ್ಲ. ಮುಖ್ಯ ಆರೋಪಿಗಳಿಬ್ಬರು 2021ರಲ್ಲಿ ತಪ್ಪೊಪ್ಪಿಕೊಂಡರು. ಪ್ರಕರಣ ಬಯಲಾದ ವರ್ಷವೇ ರಾಜ್ಯ, ಆನ್‌ಲೈನ್ ಶಾಲೆಗಳ ಹಾಗೆ ತರಗತಿ ಕೋಣೆಯಲ್ಲಿ ಪಾಠ ನಡೆಯದ ಹೊಸ ಚಾರ್ಟರ್ ಶಾಲೆಗಳಿಗೆ 2020ರ ಜನವರಿಯಿಂದ ತಡೆ ಹಾಕಿತು, ಆಮೇಲೆ ಅದನ್ನು ಮುಂದುವರಿಸಿತು. ಡಿಸ್ಟ್ರಿಕ್ಟಿನ ಗಡಿಯಾಚೆ ಕೇಂದ್ರ ತೆಗೆಯುವುದನ್ನೂ ಎಬಿ 1507 ಬಿಗಿ ಮಾಡಿತು. ಆದರೆ ನೋಡಿಕೊಳ್ಳುವವರ ಸಂಬಳ ನೋಡಿಸಿಕೊಳ್ಳುವವರ ಆದಾಯದಿಂದಲೇ ಬರುವ ಏರ್ಪಾಡು ಇವತ್ತಿಗೂ ಹಾಗೇ ಇದೆ.

ಅನುಮತಿ ಸಿಕ್ಕಿದರೆ ಎಲ್ಲ ಸರಿಯಾಯಿತು ಅಂತಲೂ ಅಲ್ಲ. ಒಕ್ಲಹೋಮದಲ್ಲಿ ಸೇಂಟ್ ಇಸಿಡೋರ್ ಅನ್ನುವ ಕ್ಯಾಥೊಲಿಕ್ ಆನ್‌ಲೈನ್ ಶಾಲೆಗೆ ರಾಜ್ಯದ ಚಾರ್ಟರ್ ಮಂಡಳಿ 2023ರಲ್ಲಿ 3-2 ವೋಟಿನಿಂದ ಅನುಮತಿ ಕೊಟ್ಟು ಒಪ್ಪಂದ ಮಾಡಿಕೊಂಡಿತು. ಮರುವರ್ಷ ರಾಜ್ಯದ ಸುಪ್ರೀಂ ಕೋರ್ಟ್, ಇದು ಸರ್ಕಾರದ ದುಡ್ಡಿನ ಧಾರ್ಮಿಕ ಶಾಲೆ ಅನ್ನುವ ಕಾರಣಕ್ಕೆ, ಆ ಒಪ್ಪಂದ ರದ್ದು ಮಾಡಿ ಅಂದಿತು. 2025ರ ಮೇನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 4-4 ಆಗಿ ಒಡೆದು, ರಾಜ್ಯದ ತೀರ್ಪೇ ಉಳಿಯಿತು. ಕಾನೂನು ಬಿಡದ ವಿಷಯವನ್ನು ಇಬ್ಬರೂ ಸಹಿ ಹಾಕಿ ಬರೆದುಕೊಂಡರೂ ಅದು ನಿಲ್ಲುವುದಿಲ್ಲ.

ನಿಮ್ಮ ಮಗುವಿನ ಶಾಲೆಯಲ್ಲಿ ಏನೋ ಬದಲಾಗುತ್ತಿದೆ ಅನ್ನಿಸಿದರೆ ಹುಡುಕುವುದು ಕಷ್ಟವೇನಲ್ಲ. ಸಾಮಾನ್ಯ ಸಭೆಯ ಅಜೆಂಡಾ 72 ಗಂಟೆ ಮೊದಲೇ ಹಾಕಬೇಕು. ಶಾಲೆಯ ಮಂಡಳಿಯದ್ದನ್ನೂ ನೋಡಿ, ಡಿಸ್ಟ್ರಿಕ್ಟಿನದ್ದನ್ನೂ ನೋಡಿ. ಕನ್ಸೆಂಟ್ ಪಟ್ಟಿಯನ್ನು ಸುಮ್ನೆ ದಾಟಿ ಹೋಗಬೇಡಿ. ರೆಡ್‌ಲೈನ್ ಪ್ರತಿ ಹಾಕಿಲ್ಲದಿದ್ದರೆ ಸಾರ್ವಜನಿಕ ದಾಖಲೆ ಕಾಯ್ದೆಯಡಿ ಒಂದು ಇಮೇಲ್ ಬರೆಯಿರಿ. ವಕೀಲರು ಬೇಡ, ಕಾರಣ ಹೇಳಬೇಕಾಗಿಲ್ಲ. ದಾಖಲೆ ಕೊಡುತ್ತಾರಾ ಇಲ್ಲವಾ ಅನ್ನುವುದನ್ನು 10 ದಿನದೊಳಗೆ ಅವರು ತಿಳಿಸಬೇಕು.

ವೋಟಾದ ಮೇಲೆ ಇನ್ನೊಂದು ಕೆಲಸ ಇದೆ. ತಿದ್ದುಪಡಿಗಳೆಲ್ಲ ಸೇರಿದ ಒಂದೇ ಅಂತಿಮ ಚಾರ್ಟರ್ ಯಾರ ಹತ್ತಿರ ಇದೆ ಅಂತ ಕೇಳಿ. ಶಾಲೆಯ ವೆಬ್‌ಸೈಟಿನಲ್ಲಿ ಒಂದು, ಡಿಸ್ಟ್ರಿಕ್ಟಿನ ಫೈಲಿನಲ್ಲಿ ಇನ್ನೊಂದು, ವಕೀಲರ ಹತ್ತಿರ ಮತ್ತೊಂದು ಪ್ರತಿ ಇರುವುದು ಮಾಮೂಲು. ಬೋರ್ಡು ಒಪ್ಪಿದ ದಿನಾಂಕ ಮೊದಲ ಪುಟದಲ್ಲಿ ಇರುವ ಪ್ರತಿಯನ್ನೇ ಇಳಿಸಿಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ.