ಹೆಬ್ಬಾಳದ ಕಲ್ಲು, ಒಂದು ಹಳೇ ಅಕ್ಷರ, ಒಂದು ಸ್ಕ್ಯಾನರ್

ಬೆಂಗಳೂರಿನವರಿಗೆ ಹೆಬ್ಬಾಳ ಅಂದರೆ ಕೆರೆ, ಫ್ಲೈಓವರ್, ಮುಗಿಯದ ಟ್ರಾಫಿಕ್ಕು. ಆ ಹೆಸರು ಎಷ್ಟು ಹಳೆಯದು ಗೊತ್ತಾ? 2018ರಲ್ಲಿ ಅಲ್ಲೇ ಒಂದು ವೀರಗಲ್ಲು ಬೆಳಕಿಗೆ ಬಂತು. ಸುಮಾರು ಕ್ರಿ.ಶ. 750ರದು. ಗಂಗರ ಶ್ರೀಪುರುಷ ಆಳುತ್ತಿದ್ದ ಕಾಲದಲ್ಲಿ ಕಾದಾಡಿ ಮಡಿದ ಕಿತ್ತಯ್ಯನ ನೆನಪಿನ ಕಲ್ಲು. ಅದರಲ್ಲಿ ‘ಪೆರ್ಬೊೞಲ್‌ನಾಡು’ ಎಂಬ ಹೆಸರಿದೆ. ಪೆರ್ ಅಂದರೆ ದೊಡ್ಡ, ಪೊೞಲ್ ಅಂದರೆ ಪಟ್ಟಣ. ಅದರಲ್ಲಿರುವ ‘ೞ’ ಈಗ ಬಳಕೆ ತಪ್ಪಿದ ಹಳಗನ್ನಡದ ಅಕ್ಷರ. ಪಾಲು ಹಾಲಾದ ಹಾಗೆ, ಪಳ್ಳಿ ಹಳ್ಳಿಯಾದ ಹಾಗೆ, ಪೆರ್ಬೊೞಲೂ ಬಾಯಿಂದ ಬಾಯಿಗೆ ಸವೆದು ಹೆಬ್ಬಾಳವಾಯಿತು.

ಒಂದು ಪದದಲ್ಲಿ ಎಷ್ಟು ಓದು ಅಡಗಿದೆ ನೋಡಿ. ಇತಿಹಾಸದವರು ಅಲ್ಲಿ ಒಂದು ಯುದ್ಧ ಕಾಣುತ್ತಾರೆ. ಭಾಷೆಯವರಿಗೆ ಪಕಾರ ಹಕಾರವಾದ ದಾರಿ ಸಿಗುತ್ತದೆ. ಹಳೇ ನಾಡುಗಳ ಗಡಿ ಹುಡುಕುವವರಿಗೆ ಅದು ನಕಾಶೆಯ ಮೇಲಿನ ಒಂದು ಚುಕ್ಕೆ. ಆದರೆ ಇವರೆಲ್ಲ ಆ ಕಲ್ಲಿನ ಮುಂದೆ ಹೋಗಿ ಕೂರೋಕೆ ಆಗಲ್ಲ, ಅಲ್ವಾ? ಕಲ್ಲಿನ ಮೇಲಿನ ಮಾತು ಅವರಿರುವಲ್ಲಿಗೆ ಬರಬೇಕು. ಕಳೆದ ನೂರೈವತ್ತು ವರ್ಷ ಶಾಸನದ ಕೆಲಸದಲ್ಲಿ ನಡೆದಿರುವುದು ಈ ಪ್ರಯತ್ನವೇ.

1865ರಲ್ಲಿ ಮೇಜರ್ ಡಿಕ್ಸನ್ ಮೈಸೂರು ಸೀಮೆಯ ಸುಮಾರು 150 ಶಾಸನಗಳ ಫೋಟೊ ತೆಗೆದರು. ಆಗ ಅದೇ ಹೊಸ ತಂತ್ರಜ್ಞಾನ. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಅವುಗಳನ್ನು ಓದಿ, 1879ರಲ್ಲಿ ಅನುವಾದ ಮಾಡಿ ಅಚ್ಚು ಹಾಕಿಸಿದರು. ಆಮೇಲೆ ಅವರದೇ ದೊಡ್ಡ ಕೆಲಸ ‘ಎಪಿಗ್ರಾಫಿಯ ಕರ್ನಾಟಿಕ’. 1886ರಲ್ಲಿ ಕೊಡಗಿನ ಸಂಪುಟದಿಂದ ಶುರುವಾಗಿ 1905ರ ಹೊತ್ತಿಗೆ 12 ಸಂಪುಟ, ಸುಮಾರು 9,000 ಶಾಸನ. ಅವರು ಶಾಸನಗಳನ್ನು ರಾಜರ ಪ್ರಕಾರ ಅಲ್ಲ, ತಾಲ್ಲೂಕಿನ ಪ್ರಕಾರ ಜೋಡಿಸಿದರು. ಇದು ನನಗೆ ತುಂಬಾ ಮುಖ್ಯ ಅನಿಸುತ್ತದೆ. ಯಾವ ಊರು, ಊರಿನ ಯಾವ ದಿಕ್ಕು ಎಂಬುದು ಶಾಸನದ ಬರಹದ ಜೊತೆಗೇ ಉಳಿಯಿತು. ಇವತ್ತು ನಕಾಶೆಯಲ್ಲಿ ಶಾಸನ ಗುರುತಿಸುವವರು ಆ ಪುಟಗಳನ್ನು ಹಿಡಿದೇ ಹೊರಡುತ್ತಾರೆ.

ಫೋಟೊ ಒಂದೇ ಸಾಲದು. ಸವೆದ ಅಕ್ಷರ ಅದರಲ್ಲಿ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಪಡಿಯಚ್ಚು. ಕಲ್ಲನ್ನು ಉಜ್ಜಿ ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿಯಬೇಕು. ಕಾಗದ ಅಕ್ಷರದ ತಗ್ಗಿಗೆ ಇಳಿದು ಕೂರುತ್ತದೆ. ಮೇಲೆ ಕಪ್ಪು ಮಸಿ ಒತ್ತಿದರೆ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಇಂದಿಗೂ ನಂಬಿಕೆಯ ವಿಧಾನ ಇದು. ಆದರೆ ಕಾಗದದಲ್ಲಿ ಆಳದ ಅಳತೆ ಸಿಗುವುದಿಲ್ಲ. ಉಳಿ ಬಿದ್ದ ಗೆರೆಯೋ, ಕಲ್ಲು ಬಿರಿದ ಗೆರೆಯೋ ಎಂಬ ಅನುಮಾನ ಎಷ್ಟೋ ಸಲ ಹಾಗೇ ಉಳಿಯುತ್ತದೆ.

ಆಮೇಲೆ ಕಂಪ್ಯೂಟರ್ ಬಂತು. ಶುರುವಿನಲ್ಲಿ ಅದು ಕೊಟ್ಟಿದ್ದು ಜಾಸ್ತಿ ತಲೆನೋವೇ. ಒಂದೊಂದು ಫಾಂಟಿಗೆ ಒಂದೊಂದು ಸಂಕೇತ. ಒಂದರಲ್ಲಿ ಟೈಪ್ ಮಾಡಿದ್ದು ಇನ್ನೊಂದರಲ್ಲಿ ಓದೋಕೆ ಬರದು, ಹುಡುಕೋಕೂ ಬರದು. ಪ್ರತಿ ಅಕ್ಷರಕ್ಕೂ ಎಲ್ಲೆಡೆ ಒಂದೇ ಸಂಕೇತ ಕೊಡುವ ಯೂನಿಕೋಡ್ ಈ ಕಷ್ಟ ಬಿಡಿಸಿತು. ಆದರೆ ಪೊೞಲ್‌ನಲ್ಲಿರುವ ‘ೞ’ ಅಕ್ಷರದ ಕತೆ ಕೇಳಿ. ಯೂನಿಕೋಡ್ ಪಟ್ಟಿಯಲ್ಲಿ ಅದಕ್ಕೆ ಕೊಟ್ಟ ಹೆಸರು ‘ಫ’! ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದು ಎಂಬ ನಿಯಮ ಇರುವುದರಿಂದ, ಹೆಸರು ತಪ್ಪು ಎಂಬ ಟಿಪ್ಪಣಿ ಹಾಕಿ ಬಿಟ್ಟಿದ್ದಾರೆ. ಹುಡುಕಾಟ ನಡೆಯುವುದು ಸಂಕೇತದ ಮೇಲೆ, ಹೆಸರಿನ ಮೇಲೆ ಅಲ್ಲ. ಹಾಗಾಗಿ ಕೆಲಸ ಕೆಟ್ಟಿಲ್ಲ. ಹಳೇ ಬರಹದ ಇನ್ನೊಂದು ಗುರುತು ನಕಾರ ಪೊಲ್ಲು, ಅಂದರೆ ಸ್ವರವಿಲ್ಲದ ‘ನ್’ ಬರೆಯುವ ಹಳೇ ರೂಪ. ಅದಕ್ಕೆ ಜಾಗ ಸಿಕ್ಕಿದ್ದು 2021ರಲ್ಲಿ. ಕಲ್ಲಿನಲ್ಲಿ ಇದ್ದಂತೆಯೇ ಬರೆಯೋಕೆ ಬಾರದಿದ್ದರೆ ಭಾಷೆಯ ಚರಿತ್ರೆ ಹೇಗೆ ಓದುವುದು?

ಅದೇ 2021ರಲ್ಲಿ ಇತಿಹಾಸದ ಅಧ್ಯಯನ ನಡೆಸುವ ಬೆಂಗಳೂರಿನ ಸಂಸ್ಥೆ ಮಿಥಿಕ್ ಸೊಸೈಟಿ ನಗರದ ಸುತ್ತಿನ ಶಾಸನಗಳ 3ಡಿ ಸ್ಕ್ಯಾನ್ ಶುರು ಮಾಡಿತು. ಸ್ಕ್ಯಾನರ್ ಕಲ್ಲಿನ ಮೇಲೆ ಬೆಳಕಿನ ಗೆರೆಗಳನ್ನು ಚೆಲ್ಲುತ್ತದೆ. ಆ ಗೆರೆ ಎಲ್ಲಿ ಎಷ್ಟು ಬಾಗಿತು ಎಂದು ಅಳೆದು, ಮಿಲಿಮೀಟರಿಗಿಂತ ಸಣ್ಣ ತಗ್ಗನ್ನೂ ಹಿಡಿಯುತ್ತದೆ. ಆಮೇಲೆ ಪರದೆಯ ಮೇಲೆ ಕಲ್ಲಿನ ಬಣ್ಣ, ಪಾಚಿ, ಕಲೆ ಎಲ್ಲ ತೆಗೆದುಹಾಕಿ ಬರೀ ಉಬ್ಬುತಗ್ಗು ನೋಡಬಹುದು. ಬೆಳಕನ್ನು ಬೇಕಾದ ಕಡೆಯಿಂದ ಬೀಳಿಸಬಹುದು. ಕಣ್ಣಿಗೆ ಕಾಣದ ಅಕ್ಷರ ಎದ್ದು ಬರುತ್ತದೆ. ಓದಿದ್ದು ತಪ್ಪು ಅನಿಸಿದರೆ, ಧಾರವಾಡದಲ್ಲಿ ಕೂತವರೂ ಡಲ್ಲಾಸ್‌ನಲ್ಲಿ ಕೂತವರೂ ಅದೇ ಕಲ್ಲನ್ನು ತಿರುಗಿಸಿ ನೋಡಿ ಹೇಳಬಹುದು. ನನ್ನ ಮಟ್ಟಿಗೆ ದೊಡ್ಡ ಬದಲಾವಣೆ ಇದೇ. ಮೊದಲು ಪಂಡಿತರು ಓದಿದ್ದನ್ನು ಉಳಿದವರು ನಂಬಬೇಕಿತ್ತು. ಈಗ ಸಾಕ್ಷಿಯೇ ಎಲ್ಲರ ಮುಂದಿದೆ.

ಕಂಪ್ಯೂಟರೇ ಶಾಸನ ಓದಿಬಿಡುತ್ತದೆ ಎಂದು ಈಗ ಹಲವರು ಹೇಳುತ್ತಾರೆ. ಅಷ್ಟು ಸುಲಭ ಅಲ್ಲ. ಶತಮಾನಕ್ಕೊಂದು ರೂಪ ತಾಳುವ ಅಕ್ಷರವನ್ನು ಯಂತ್ರಕ್ಕೆ ಕಲಿಸಬೇಕಾದರೆ, ಇದು ಕ, ಇದು ೞ ಎಂದು ಸಾವಿರಾರು ಸಲ ಗುರುತು ಹಾಕಿಕೊಡುವ ಮನುಷ್ಯರು ಬೇಕು. ಹಳಗನ್ನಡ ಲಿಪಿ ಓದಬಲ್ಲವರು ನಮ್ಮಲ್ಲಿ ತುಂಬಾ ಕಡಿಮೆ. ಸ್ಕ್ಯಾನರ್‌ಗೆ ದುಡ್ಡು ಹೊಂದಿಸುವಷ್ಟೇ ಜೋರಾಗಿ ಲಿಪಿ ಕಲಿಸುವ ತರಗತಿಗೂ ಹೊಂದಿಸಬೇಕು.

ಇನ್ನು ಕಲ್ಲಿನ ಜಾಗ. ರೈಸ್ ಬರೆದಿಟ್ಟ ಎಷ್ಟೋ ಹೊಲಗಳು ಈಗ ಲೇಔಟ್ ಆಗಿವೆ, ಕಲ್ಲುಗಳೂ ಕಾಣೆಯಾಗಿವೆ. ಕೆರೆ ಕಟ್ಟಿಸಿದ ಶಾಸನ ಏರಿಯ ಮೇಲೇ ಇದ್ದರೆ ನೀರಿನ ಚರಿತ್ರೆ ಓದುವವರಿಗೆ ಅರ್ಥ ಕೊಡುತ್ತದೆ. ಬೇರೆಲ್ಲೋ ಸಿಕ್ಕರೆ ಅರ್ಧ ಸುಳಿವು ಹೋದಂತೆ. ಕಿತ್ತಯ್ಯನ ಕಲ್ಲು ಆ ಮಟ್ಟಿಗೆ ಪುಣ್ಯ ಮಾಡಿತ್ತು. ಅದನ್ನು ಎಲ್ಲಿಗೂ ಸಾಗಿಸದೆ ಹೆಬ್ಬಾಳದಲ್ಲೇ ಒಂದು ಪುಟ್ಟ ಮಂಟಪ ಕಟ್ಟಿ ನಿಲ್ಲಿಸಿದ್ದಾರೆ.