ಮೊಸರಲ್ಲ, ಸಕ್ಕರೆ: ಪ್ರಿಯಾನ್ ಪಾಠದಲ್ಲಿ ನಾನು ಎಡವಿದ ಜಾಗ

ಪ್ರಿಯಾನ್ ಎಂದರೆ ಬರೀ ಪ್ರೋಟೀನ್‌ನಿಂದಾದ ಸೋಂಕುಕಾರಕ. ಅದನ್ನು ಕಂಡುಹಿಡಿದ ಅಮೆರಿಕದ ನರವೈದ್ಯ ಸ್ಟ್ಯಾನ್ಲಿ ಪ್ರುಸಿನರ್ ಅವರ ಸಂಶೋಧನೆಯನ್ನು ಪರೀಕ್ಷೆಗೆ ಓದುತ್ತಿರುವವರಿಗೆ ಈ ಟಿಪ್ಪಣಿ. ನನಗೆ ಇದು ಅರ್ಥವಾಗಿ ಎರಡೇ ದಿನವಾಯಿತು, ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಇಸವಿಗಳು ಬೇಗ ಮುಗಿಯಲಿ. 1972ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನರರೋಗ ವಿಭಾಗದ ಕಿರಿಯ ವೈದ್ಯರಾಗಿದ್ದಾಗ ಅವರು ಕ್ರಾಯ್ಟ್ಸ್‌ಫೆಲ್ಟ್–ಯಾಕೋಬ್ ಎಂಬ ಮಾರಕ ಮಿದುಳಿನ ಕಾಯಿಲೆಯ ರೋಗಿಯೊಬ್ಬರನ್ನು ಕಂಡರು. ಕಾರಣ ‘ನಿಧಾನ ವೈರಸ್’ ಎಂಬುದು ಆಗಿನ ನಂಬಿಕೆ. 1974ರಲ್ಲಿ ಸ್ವಂತ ಪ್ರಯೋಗಾಲಯ, 1982ರಲ್ಲಿ ‘ಪ್ರಿಯಾನ್’ ಎಂಬ ಹೆಸರು (ಅವರು ಉಚ್ಚರಿಸುವುದು ‘ಪ್ರೀ-ಆನ್’ ಎಂದು, ನಮ್ಮ ತರಗತಿಯಲ್ಲಿ ಎಲ್ಲರೂ ‘ಪ್ರಯಾನ್’ ಎನ್ನುತ್ತೇವೆ), 1997ರಲ್ಲಿ ನೊಬೆಲ್. ನಡುವೆ ಒಂದು ಧನಸಹಾಯ ನಿಂತುಹೋಯಿತು, ನೌಕರಿಯೂ ಅಲುಗಾಡಿತು. ಪ್ರಯೋಗಕ್ಕೆ ಅವರು ಬಳಸಿದ್ದು ಕುರಿಗಳಲ್ಲಿ ಬರುವ ಇದೇ ಬಗೆಯ ಸ್ಕ್ರೇಪಿ ರೋಗವನ್ನು. ಮೊದಮೊದಲು ಒಂದೊಂದು ಮಾದರಿಯಲ್ಲಿ ಸೋಂಕು ಎಷ್ಟಿದೆ ಎಂದು ಅಳೆಯಲು 60 ಇಲಿ, ಒಂದು ವರ್ಷ ಬೇಕಾಗುತ್ತಿತ್ತು. ಹ್ಯಾಮ್‌ಸ್ಟರ್‌ಗೆ ಬದಲಾಯಿಸಿದ ಮೇಲೆ ನಾಲ್ಕೇ ಪ್ರಾಣಿ, ಸುಮಾರು 70 ದಿನ. ಈ ಬದಲಾವಣೆ ಇಲ್ಲದಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ ಎಂದೇ ನನ್ನ ಲೆಕ್ಕ.

ಈಗ ಎಡವಿದ ಜಾಗ. ಡಿಎನ್‌ಎ, ಆರ್‌ಎನ್‌ಎಗಳನ್ನು ಹಾಳುಮಾಡುವ ಉಪಾಯಗಳಿಗೆ ಈ ಸೋಂಕು ಜಗ್ಗಲಿಲ್ಲ. ಪ್ರೋಟೀನ್ ಕೆಡಿಸುವ ಉಪಾಯಗಳಿಗೆ ಕುಗ್ಗಿತು. ಹಾಗಾದರೆ ಇದು ಬರೀ ಪ್ರೋಟೀನ್. ಸರಿ, ಆದರೆ ಪ್ರೋಟೀನ್ ಹೆಚ್ಚುವುದು ಹೇಗೆ? ‘ತನ್ನ ನಕಲನ್ನು ತಾನೇ ಮಾಡಿಕೊಳ್ಳುತ್ತದೆ’ ಎಂದು ಬರೆದಿದ್ದೆ. ಅದು ತಪ್ಪು.

ಸರಸ್ವತಿಪುರಂನ ಕೋಣೆಯಲ್ಲಿ ಜೊತೆಗಿರುವ ಗೆಳತಿ ‘ಹಾಲಿಗೆ ಹೆಪ್ಪು ಹಾಕಿದ ಹಾಗೆ ಕಣೇ’ ಎಂದಳು. ಖುಷಿಯಿಂದ ಬರೆದುಕೊಂಡೆ. ಬೆಳಿಗ್ಗೆ ನೋಡಿದರೆ ಎಡವಟ್ಟು: ಹೆಪ್ಪಿನಲ್ಲಿರುವುದು ಜೀವಂತ ಬ್ಯಾಕ್ಟೀರಿಯಾ, ಅವಕ್ಕೆ ಡಿಎನ್‌ಎ ಇದೆ! ಮೊಸರಿನ ಹೋಲಿಕೆ, ಸೋಂಕಿಗೆ ಡಿಎನ್‌ಎ ಅಥವಾ ಆರ್‌ಎನ್‌ಎ ಇರಲೇಬೇಕು ಎನ್ನುತ್ತಿದ್ದ ಪ್ರುಸಿನರ್ ಅವರ ಎದುರಾಳಿಗಳ ಪರ ವಾದಿಸುತ್ತದೆ.

ಬಿಡಿಸಿದ್ದು ಮಂಡ್ಯದ ಚಿಕ್ಕಪ್ಪ. ಸಕ್ಕರೆ ಕಾರ್ಖಾನೆಯಲ್ಲಿ ಪಾಕ ಕುದಿಸುವ ಕಡೆ ಕೆಲಸ ಮಾಡಿದವರು. ಹದಕ್ಕೆ ಬಂದ ಪಾಕಕ್ಕೆ ನುಣ್ಣನೆಯ ಸಕ್ಕರೆಯನ್ನು ‘ಬೀಜ’ವಾಗಿ ಬಿಡುತ್ತಾರೆ, ಪಾಕದ ಸಕ್ಕರೆ ಅದಕ್ಕೆ ಅಂಟಿ ಹರಳಾಗುತ್ತದೆ. ಬೀಜ ಹೊಸ ಸಕ್ಕರೆಯನ್ನು ಹುಟ್ಟಿಸುವುದಿಲ್ಲ, ಇರುವುದನ್ನೇ ತನ್ನ ಕಟ್ಟಿಗೆ ಎಳೆದುಕೊಳ್ಳುತ್ತದೆ.

‘ಬೀಜ ಹಾಕದಿದ್ದರೆ?’ ಎಂದೆ.

‘ತಾನೇ ಹರಳು ಕಟ್ಟಿದರೂ ಕಟ್ಟೀತು. ಯಾವಾಗ ಎಂದು ಮಾತ್ರ ಹೇಳಲಾಗದು ಮಗಳೇ.’

ಅಲ್ಲೇ ಇಡೀ ಅಧ್ಯಾಯ ಕಣ್ಣಿಗೆ ಬಿತ್ತು. ಪಾಕವೆಂದರೆ ನಮ್ಮದೇ ಆರೋಗ್ಯವಂತ ಪ್ರೋಟೀನ್. ಅದರ ಜೀನ್ ನಮ್ಮ 20ನೆಯ ವರ್ಣತಂತುವಿನಲ್ಲೇ ಇದೆ. ಬೀಜವೆಂದರೆ ತಪ್ಪಾಗಿ ಮಡಚಿಕೊಂಡ ಅದೇ ಪ್ರೋಟೀನ್. ಅಮೈನೋ ಆಮ್ಲಗಳ ಸಾಲು ಒಂದೇ, ಆಕಾರ ಬೇರೆ. ಹೊರಗಿನಿಂದ ಬೀಜ ಬಿದ್ದರೆ ಪಪುವಾ ನ್ಯೂಗಿನಿಯಲ್ಲಿ ಸತ್ತವರ ದೇಹವನ್ನು ತಿನ್ನುವ ಆಚರಣೆಯಿಂದ ಹರಡಿದ ಕುರು ರೋಗ. ತಾನೇ ಹರಳು ಕಟ್ಟಿದರೆ ಕಾರಣ ತಿಳಿಯದೆ ಬರುವ ಕ್ರಾಯ್ಟ್ಸ್‌ಫೆಲ್ಟ್–ಯಾಕೋಬ್. ಆ ಕಾಯಿಲೆಯ ಬಹುಪಾಲು ಪ್ರಕರಣಗಳು ಇಂಥವೇ. ಜೀನ್‌ನ ದೋಷದಿಂದ ಪಾಕವೇ ಬೇಗ ಹರಳುಗಟ್ಟುವ ಜಾತಿಯದಾದರೆ ಆನುವಂಶಿಕ ರೂಪ. ಒಂದೇ ಕಾಯಿಲೆ ಸೋಂಕೂ ಹೌದು, ಆನುವಂಶಿಕವೂ ಹೌದು ಎಂಬ ವಾಕ್ಯ ನನ್ನನ್ನು ವಾರಗಟ್ಟಲೆ ಕಾಡಿತ್ತು.

1993ರ ಇಲಿ ಪ್ರಯೋಗವೂ ಇದರಿಂದಲೇ ಸಲೀಸು. ಆ ಜೀನ್ ತೆಗೆದುಹಾಕಿದ ಇಲಿಗಳಿಗೆ ಸ್ಕ್ರೇಪಿ ಚುಚ್ಚಿದರೂ ರೋಗ ಬರಲಿಲ್ಲ. ರೋಗ ತರುವುದೇ ಪ್ರೋಟೀನ್ ಆಗಿರುವಾಗ, ಚುಚ್ಚಿದ್ದೂ ಅದೇ ಆಗಿರುವಾಗ ಇಲಿ ಹೇಗೆ ಉಳಿಯಿತು ಎಂದು ಕೇಳುತ್ತಿದ್ದೆ. ಬರಿದಾದ ಕೊಪ್ಪರಿಗೆಗೆ ಬೀಜ ಹಾಕಿದರೆ ಏನು ಹರಳುಗಟ್ಟೀತು?

ಹೋಲಿಕೆಯಲ್ಲಿ ಒಂದು ಕೊಸರು ಉಂಟು: ಸಕ್ಕರೆಯ ಕಣ ಬರೀ ಸಾಲುಗಟ್ಟುತ್ತದೆ, ಪ್ರೋಟೀನ್ ತನ್ನ ಮಡಿಕೆಯನ್ನೇ ಬದಲಿಸುತ್ತದೆ. ಪ್ರೋಟೀನ್ ಸರಪಳಿಯಲ್ಲಿ ಸ್ಪ್ರಿಂಗಿನಂತೆ ಸುತ್ತಿದ ಭಾಗ (ಆಲ್ಫಾ ಸುರುಳಿ) ಕಡಿಮೆಯಾಗಿ ಚಪ್ಪಟೆಯಾಗಿ ಹರಡಿದ ಭಾಗ (ಬೀಟಾ ಹಾಳೆ) ಹೆಚ್ಚುತ್ತದೆ. ಉತ್ತರದಲ್ಲಿ ಇದನ್ನು ಬರೆಯಿರಿ, ಸಕ್ಕರೆಯನ್ನು ಬರೆಯಬೇಡಿ.