ಜಗಳ ಬಿಡಿಸುವ ಮಾತಿಗೆ ತಯಾರಿ: ಅರ್ಧ ಕಿಟಕಿ ಯಾಕೆ ಸಾಲದು

ಜಗಳ ಮುಗಿಯಲು ಮೂರು ದಾರಿ ಎಂದು ಅಮೆರಿಕದ ಆಡಳಿತ ಚಿಂತಕಿ ಮೇರಿ ಪಾರ್ಕರ್ ಫಾಲೆಟ್ 1925ರ ಉಪನ್ಯಾಸದಲ್ಲಿ ಹೇಳುತ್ತಾರೆ: ಒಬ್ಬರು ಗೆಲ್ಲುವುದು, ಇಬ್ಬರೂ ಅಷ್ಟಷ್ಟು ಬಿಟ್ಟುಕೊಡುವುದು, ಇಬ್ಬರಿಗೂ ಬೇಕಾದ್ದು ಸಿಗುವಂತೆ ಹೊಂದಿಸುವುದು. ನನಗೆ ತಲೆಕೆಟ್ಟಿದ್ದು ಎರಡನೆಯದಕ್ಕೂ ಮೂರನೆಯದಕ್ಕೂ ಏನು ವ್ಯತ್ಯಾಸ ಅಂತ. ಎರಡೂ ರಾಜಿಯೇ ಅಲ್ವಾ?

ಅಲ್ಲ. ಅವರದೇ ಉದಾಹರಣೆ ನೋಡಿ. ಹಾರ್ವರ್ಡ್ ಗ್ರಂಥಾಲಯದ ಒಂದು ಚಿಕ್ಕ ಕೋಣೆ. ಜೊತೆಗಿದ್ದವರಿಗೆ ಕಿಟಕಿ ತೆರೆದಿರಬೇಕು, ಫಾಲೆಟ್‌ಗೆ ಮುಚ್ಚಿರಬೇಕು. ಕೊನೆಗೆ ಯಾರೂ ಕೂತಿರದ ಪಕ್ಕದ ಕೋಣೆಯ ಕಿಟಕಿ ತೆಗೆದರು. ತಾವಿದ್ದ ಕೋಣೆಯ ಕಿಟಕಿಯನ್ನೇ ಅರ್ಧ ತೆರೆದಿದ್ದರೆ ಅದು ರಾಜಿ, ಇಬ್ಬರಿಗೂ ಕಿರಿಕಿರಿ. ಇಲ್ಲಿ ಯಾರೂ ಏನೂ ಕಳೆದುಕೊಳ್ಳಲಿಲ್ಲ. ಜೊತೆಗಿದ್ದವರಿಗೆ ಬೇಕಿದ್ದದ್ದು ಕೋಣೆಗೆ ಗಾಳಿ, ಫಾಲೆಟ್‌ಗೆ ಬೇಡವಾಗಿದ್ದದ್ದು ಉತ್ತರದ ಗಾಳಿ ನೇರ ಮೈಮೇಲೆ ಬೀಸುವುದು. ಕಿಟಕಿಗಾಗಿ ಜಗಳವೇ ಇರಲಿಲ್ಲ!

ಈಗ ನಮ್ಮ ಮನೆಗಳ ಜಗಳಕ್ಕೆ ಬನ್ನಿ. ಶಿವಮೊಗ್ಗದ ಅಕ್ಕ ಅಂತಾಳೆ, "ಇನ್ನು ಅಮ್ಮನ್ನ ನೀನೇ ಕರ್ಕೊಂಡು ಹೋಗು." ಬೆಂಗಳೂರಿನ ತಮ್ಮ ಅಂತಾನೆ, "ಆಗಲ್ಲಕ್ಕಾ." ಆರಾರು ತಿಂಗಳು ಹಂಚಿಕೊಂಡರೆ ಅರ್ಧ ಕಿಟಕಿ, ಬಸ್ಸಿನಲ್ಲಿ ಓಡಾಡಿ ಸುಸ್ತಾಗುವುದು ಅಮ್ಮ. ಮಾತಿಗೆ ಕೂರುವ ಮೊದಲು ಇಬ್ಬರ ಪರವಾಗಿಯೂ "ಯಾಕೆ?" ಅಂತ ಬರೆದುಕೊಳ್ಳಿ. ಅಕ್ಕನಿಗೆ ಒಂದು ಮದುವೆಗೆ ಹೋಗಲೂ ಮನೆ ಬಿಡಲು ಆಗುತ್ತಿಲ್ಲ. ತಮ್ಮನದು ಲಿಫ್ಟ್ ಇಲ್ಲದ ಮೂರನೇ ಮಹಡಿ, ಅಮ್ಮನಿಗೆ ಮಂಡಿನೋವು. ಹಗಲು ನೋಡಿಕೊಳ್ಳಲು ಒಬ್ಬರನ್ನು ಇಟ್ಟು, ಸಂಬಳ ತಮ್ಮ ಕೊಟ್ಟರೆ? ಅಮ್ಮ ಇದ್ದಲ್ಲೇ ಇರುತ್ತಾರೆ, ಅಕ್ಕನಿಗೂ ಬಿಡುವು.

ನಾನು ಬಳಸುವ ಪರೀಕ್ಷೆ ಒಂದೇ. ಬರೆದ ಉತ್ತರ ಬೇರೆ ದಾರಿಯಲ್ಲೂ ಈಡೇರುತ್ತದಾ? "ನೀನೇ ಕರ್ಕೊಂಡು ಹೋಗು" ಈಡೇರಲು ಒಂದೇ ದಾರಿ. ಹಾಗಾದರೆ ಅದಿನ್ನೂ ಹಟ, ಇನ್ನೊಂದು "ಯಾಕೆ" ಕೇಳಿ. "ಸ್ವಲ್ಪ ಬಿಡುವು ಬೇಕು" ಅನ್ನುವುದಕ್ಕೆ ಹತ್ತು ದಾರಿ. ಅಲ್ಲಿ ನಿಲ್ಲಿಸಿ. ಆದರೆ ಎದುರಿನವರ ಪರವಾಗಿ ಬರೆದದ್ದು ಬರೀ ಊಹೆ. ಅದನ್ನು ಕೇಳಿಯೇ ಖಚಿತ ಮಾಡಿಕೊಳ್ಳಬೇಕು.

ಮೊದಲ ವಾಕ್ಯವನ್ನೂ ಬರೆದಿಟ್ಟುಕೊಳ್ಳಿ. "ನೀನು ಯಾವತ್ತೂ ಬರಲ್ಲ" ಬೇಡ, "ಯುಗಾದಿ ಆದಮೇಲೆ ಒಂದೇ ಸಲ ಬಂದಿದ್ದೀಯ" ಸಾಕು. ಹಬ್ಬದ ದಿನ ನೆಂಟರೆದುರು ಈ ಮಾತು ತೆಗೆಯದೆ ಸುಮ್ನೆ ಇರಿ.

ಎಲ್ಲ ಜಗಳಕ್ಕೂ ಪಕ್ಕದ ಕೋಣೆ ಇರುವುದಿಲ್ಲ. ಇಬ್ಬರು ಗಂಡುಮಕ್ಕಳೂ ಹಳೇ ಮನೆಯಲ್ಲೇ ಇರಬೇಕು ಅಂದರೆ ಎಷ್ಟೋ ಸಲ ಹೊಂದಿಸಲು ಆಗದು ಎಂದು ಫಾಲೆಟ್ ಅವರೇ ಹೇಳುತ್ತಾರೆ. ಅಲ್ಲಿ ರಾಜಿಯೇ ಗತಿ. ಎಷ್ಟರವರೆಗೆ ಬಿಟ್ಟುಕೊಡಬಲ್ಲೆ ಎಂದು ಹೋಗುವ ಮುಂಚೆಯೇ ಚೀಟಿಯಲ್ಲಿ ಬರೆದುಕೊಳ್ಳಿ.